ಮಕ್ತುಮಸಾಬನ ಬಿಲ್ಲು ಮತ್ತು ಸ್ಪೇನದ ಗಾದಿ

ಹುಬ್ಬಳ್ಳಿಯ ಸಾವುಕಾರರನ್ನೆಲ್ಲ ಮೆತ್ತಗೆ ಕೂಡಿಸಿ ತಾನು ಮಾತ್ರ ಒಂದು ಗಳಿಗೆ ಕೂರದ ಮನುಷ್ಯನೆಂದರೆ ಗಣೇಶಪೇಟೆಯ ಪಿಂಜಾರ ಮಕ್ತುಮಸಾಬ. ಹತ್ತಿ ಹಿಂಜಿ ಗಾದಿ, ಲೋಡು, ತಲೆದಿಂಬು ಹೊಲಿಯುವುದು ಅವನ ಕಸುಬು. ದುರ್ಗದ ಬೈಲಿನ ಸುತ್ತಮುತ್ತ ಯಾವ ಅಂಗಡಿಕಾರ ಕಾಲು ಮಡಚಿ ಕೂತರೂ ಅವನ ಕೆಳಗಿನ ಗಾದಿ ಮಕ್ತುಮಸಾಬನದೇ. ಅವನೋ, ಊಟ ನಿಂತು ಮಾಡುವನು, ಚಹಾ ಅಡ್ಡಾಡುತ್ತ ಕುಡಿಯುವನು. ತನ್ನ ನಿಕಾಹದ ದಿನ ಮದುಮಗನಾಗಿ ಕೂತವನು ಸುಮ್ಮನಿರದೆ ಎದ್ದೆದ್ದು ಗಾದಿಯ ಮೂಲೆ ಒತ್ತಿ ನೋಡಿದ್ದನಂತೆ, ಅಲ್ಲಿ ಅರಳೆ ಗಂಟು ಕಟ್ಟಿದೆಯೆಂದು. ‘ಖಾಜಿಸಾಬರು ಕಬೂಲ ಐತೇನಪಾ ಅಂತ ಕೇಳಿದ್ರ, ಇವ್ರು ಈ ಗಾದಿ ಹೊಲದಾಂವ ಯಾಂವ ಅಂತ ಕೇಳಿದ್ರು’ ಎಂದು ಅವನ ಹೆಂಡತಿ ಶಹಜಹಾನಬೇಗಂ ಮುದುಕಿಯಾದರೂ ಹೇಳಿಕೊಂಡು ನಗುತ್ತಿದ್ದಳು.

ಅವನ ಮನೆಯ ಪಡಸಾಲೆಯ ಗೋಡೆಗೆ ಆಳೆತ್ತರದ ಒಂದು ಬಿಲ್ಲು ತೂಗುತ್ತಿತ್ತು. ಬಿಲ್ಲಿನ ನರವನ್ನು ಹತ್ತಿಯ ರಾಶಿಗೆ ತಾಗಿಸಿ, ಮರದ ಹಿಡಿಯಿಂದ ಹೊಡೆಯುತ್ತ ಹೋದರೆ ವರ್ಷಗಟ್ಟಲೆ ಜನರ ಭಾರಕ್ಕೆ ಗಟ್ಟಿಯಾದ ಅರಳೆ ಮತ್ತೆ ಬಿಡಿಬಿಡಿಯಾಗಿ ಅರಳುತ್ತದೆ. ಅಜ್ಜ ಹಿಡಿದ ಬಿಲ್ಲು ಅದು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಹಿರಿಯ ಮಗ ಲಾಲಸಾಬನಿಗೆ ಬಂತು. ಲಾಲಸಾಬ ಪ್ಲೇಗಿನಲ್ಲಿ ಹೋದಾಗ ಅವನ ಮಗ ಶಾಬುದ್ದೀನ ಇನ್ನೂ ತಾಯಿಯ ಕಂಕುಳಲ್ಲಿದ್ದ. ಹಾಗಾಗಿ ಬಿಲ್ಲು ತಮ್ಮನಾದ ಮಕ್ತುಮಸಾಬನ ಹೆಗಲೇರಿತು. ಬರೀ ಬಿಲ್ಲು ಬಂತೆಂದುಕೊಳ್ಳಬೇಡಿ. ಪಿಂಜಾರರಲ್ಲಿ ಬಿಲ್ಲು ಯಾರದೋ ಓಣಿಗಳೂ ಅವರವೇ. ಯಾವ ಓಣಿಯ ಗಾದಿ ಯಾರು ಬಿಚ್ಚಿ ಹಿಂಜಬೇಕು ಅನ್ನುವುದು ಅಜ್ಜಂದಿರ ಕಾಲದಿಂದ ಗೊತ್ತಾಗಿ ಹೋಗಿತ್ತು. ಒಬ್ಬನ ಓಣಿಯಲ್ಲಿ ಇನ್ನೊಬ್ಬ ಬಿಲ್ಲು ಹೊತ್ತು ಹೋದನೆಂದರೆ ಜಗಳ ಮಸೀದಿಯ ಬಾಗಿಲಿಗೆ ಬರುತ್ತಿತ್ತು.

ಈಗ ತೊಡಕೇನೆಂದರೆ, ಮಕ್ತುಮಸಾಬನಿಗೆ ಗಂಡುಮಕ್ಕಳಿರಲಿಲ್ಲ. ಹತ್ತಿಯ ಧೂಳು ಕುಡಿದು ಕುಡಿದು ಎದೆ ಕೆಟ್ಟು, ನಾಲ್ಕು ಪೆಟ್ಟು ಹೊಡೆದರೆ ಎಂಟು ಸಲ ಕೆಮ್ಮುವ ಹಾಗಾಗಿತ್ತು. ಒಬ್ಬಳೇ ಮಗಳು ಮೈಮುನಾ. ಅಮ್ಮಿನಬಾವಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಅಳುತ್ತ ಮೂಲೆ ಹಿಡಿಯಲಿಲ್ಲ. ಅಪ್ಪನ ಕೆಮ್ಮು ಕೇಳಲಾರದೆ ಒಂದು ದಿನ ಹಿತ್ತಲಲ್ಲಿ ಅವನ ಕೈಯಿಂದ ಬಿಲ್ಲು ಕಸಿದುಕೊಂಡು ತಾನೇ ಹೊಡೆಯತೊಡಗಿದಳು. ಆಮೇಲೆ ಬಿಡಲಿಲ್ಲ. ಅವಳ ಕೈ ಹಗುರ, ಅರಳೆ ಹರಿಯುತ್ತಿರಲಿಲ್ಲ, ಗಂಟೂ ಉಳಿಯುತ್ತಿರಲಿಲ್ಲ. ಓಣಿಯವರಿಗೆ ಇದು ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಕಣ್ಣಿಗೆ ಬೀಳದಷ್ಟು ಕಾಲ ಸುಮ್ಮನಿರುವುದು ನಮ್ಮ ಜನಕ್ಕೆ ಯಾವಾಗಲೂ ಅನುಕೂಲ.

ಶಾಬುದ್ದೀನ ಮಾತ್ರ ಸುಮ್ಮನಿರಲಿಲ್ಲ. ಅವನೀಗ ಮೀಸೆ ಬಂದ ಗಂಡಸು, ಎರಡು ಮಕ್ಕಳ ತಂದೆ, ಹತ್ತಿ ಗಿರಣಿಯಲ್ಲಿ ಹೊರೆ ಹೊರುವ ಕೆಲಸ. ಕೆಟ್ಟವನಲ್ಲ. ಮುಂಜಾನೆ ಗಿರಣಿಗೆ ಹೋಗುವಾಗ ತಪ್ಪದೆ ಕಾಕಾನ ಬಾಗಿಲಿಗೆ ಬಂದು ನಿಲ್ಲುವನು.

‘ಕಾಕಾ, ಕೆಮ್ಮು ಹೆಂಗೈತಿ?’

‘ಛಲೋ ಐತಿ.’

ಕೇಳುವುದು ಕೆಮ್ಮನ್ನು, ನೋಡುವುದು ಗೋಡೆಯ ಮೇಲಿನ ಬಿಲ್ಲನ್ನು. ಅವನು ಹೋದ ಮೇಲೆ ಮಕ್ತುಮಸಾಬ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಓಡಾಡುವನು. ‘ನಾ ಹೋಗೂದನ್ನ ಕಾಯಾಕತ್ತಾನ ನೋಡ’ ಎನ್ನುವನು. ‘ಅವ್ನ ಅಪ್ಪಂದು ಬಿಲ್ಲು, ಅಂವಾ ನೋಡಿದ್ರ ತಪ್ಪೇನೈತ್ರಿ?’ ಎಂದು ಶಹಜಹಾನಬೇಗಂ ಅಂದರೆ ಅವನಿಗೆ ಇನ್ನೂ ಸಿಟ್ಟು ಬರುತ್ತಿತ್ತು, ಯಾಕೆಂದರೆ ಮಾತು ಖರೇ ಇತ್ತು. ತನ್ನ ನಂತರ ಬಿಲ್ಲು ಮಗಳಿಗೆ ಉಳಿಯದಿದ್ದರೆ ಅವಳು ಯಾರ ಮನೆಯ ಮುಸುರೆ ತಿಕ್ಕಬೇಕು ಅನ್ನುವುದೊಂದೇ ಅವನ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಕಡೆಗೆ ಶಾಬುದ್ದೀನ ಓಣಿಯ ಹಿರಿಯ ಶರೀಫಸಾಬನ ಹತ್ತಿರ ಹೋಗಿ ನ್ಯಾಯ ಕೇಳಿದ. ಬರುವ ಶುಕ್ರವಾರ ನಮಾಜು ಮುಗಿದ ಮೇಲೆ ಮಕ್ತುಮಸಾಬನ ಪಡಸಾಲೆಯಲ್ಲೇ ಕೂತು ತೀರ್ಮಾನ ಮಾಡೋಣವೆಂದು ಶರೀಫಸಾಬ ಹೇಳಿ ಕಳಿಸಿದ.

ಅದು ಸಾವಿರದ ಒಂಬೈನೂರ ಮೂವತ್ತೊಂದರ ಬ್ಯಾಸಗಿ. ಆ ವಾರವೇ ಬೊಮ್ಮಾಪುರ ಓಣಿಯ ಬಿಂದುಮಾಧವ ಮಾಸ್ತರರ ಮನೆಯಲ್ಲಿ ಮದುವೆಯ ಗಾದಿ ಹೊಲಿಯುವ ಕೆಲಸ ಇತ್ತು. ಮಾಸ್ತರರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವರು. ಕೇಳುವವರು ಸಿಕ್ಕರೆ ಸಾಕು, ರಜೆಯಲ್ಲೂ ಕಲಿಸುವವರು. ಮಗಳನ್ನು ಹೆಂಡತಿಯ ತಮ್ಮನಿಗೇ ಕೊಡುತ್ತಿದ್ದರು. ದೊಡ್ಡ ಮನೆಗಳಲ್ಲಿ ಪಿಂಜಾರನೇ ಬಂದು ಅಂಗಳದಲ್ಲಿ ಹಿಂಜುವುದು ರೂಢಿ, ಹೀಗಾಗಿ ಮಕ್ತುಮಸಾಬ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಬಿಲ್ಲು ಹೊಡೆಯುತ್ತಿದ್ದ. ಮಾಸ್ತರರು ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದರು.

‘ಮಕ್ತುಮಸಾಬ, ಕೇಳಿದೇನು? ಸ್ಪೇನದ ರಾಜಾ ಗಾದಿ ಬಿಟ್ಟು ಹೋದನಂತ.’

ಬಿಲ್ಲು ನಿಂತಿತು. ‘ಯಾಕ್ರಿ? ಗಂಟು ಕಟ್ಟಿತ್ತೇನ್ರಿ?’

ಮಾಸ್ತರರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಹೊಟ್ಟೆ ಹಿಡಿದು ನಕ್ಕರು. ಇದು ಆ ಗಾದಿಯಲ್ಲ, ಸಿಂಹಾಸನ, ಪಟ್ಟ ಎಂದು ವಿವರಿಸಿದರು. ಮಕ್ತುಮಸಾಬ ಗೋಣೇನೋ ಹಾಕಿದ. ಆದರೆ ಗಾದಿ ಅಂದರೆ ಅವನಿಗೆ ಗಾದಿಯೇ. ಅವನ ಗಿರಾಕಿಗಳಲ್ಲಿ ಒಂದು ಪದ್ಧತಿ ಇತ್ತು: ಅಂಗಡಿಯ ಹಿರಿಯ ತೀರಿಕೊಂಡರೆ ಅವನ ಗಾದಿಯ ಮೇಲೆ ಮಗ ಹಾಗೇ ಕೂರುತ್ತಿರಲಿಲ್ಲ. ಮಕ್ತುಮಸಾಬನನ್ನು ಕರೆಸಿ, ಗಾದಿ ಬಿಚ್ಚಿಸಿ, ಅದೇ ಅರಳೆಯನ್ನು ಮತ್ತೆ ಹಿಂಜಿಸಿ, ಹೊಸ ಬಟ್ಟೆ ಹೊಲಿಸಿ, ಆಮೇಲೆ ಕೂರುವನು. ಹೀಗೆ ಹುಬ್ಬಳ್ಳಿಯಲ್ಲಿ ಎಷ್ಟೋ ಅಪ್ಪಂದಿರ ಜಾಗಕ್ಕೆ ಮಕ್ಕಳನ್ನು ಕೂಡಿಸಿದವನು ಅವನೇ.

‘ಹಂಗಾದ್ರ ಈಗ ಯಾರು ಕುಂಡ್ರತಾರ್ರಿ ಅದರ ಮ್ಯಾಲೆ?’

‘ಯಾರೂ ಇಲ್ಲ. ರಾಜಾನ ಬ್ಯಾಡ ಅಂದಾರ ಮಂದಿ. ಆದ್ರ ಆ ಗಾದಿ ಕತಿ ದೊಡ್ಡದದಪಾ. ಹಿಂದ ಎರಡನೇ ಚಾರ್ಲ್ಸ ಅಂತ ಒಬ್ಬ ರಾಜಾ ಇದ್ದ. ಹುಟ್ಟಿದಾಗಿಂದ ರೋಗಿಷ್ಟ. ಅನ್ನ ಅಗಿಲಿಕ್ಕೂ ಆಗ್ತಿದ್ದಿಲ್ಲ. ಎರಡು ಮದವಿ ಆತು, ಮಕ್ಕಳಾಗಲಿಲ್ಲ. ಯಾಕ ಅಂದ್ರ ಅವರ ಮನೆತನದಾಗ ತಮ್ಮತಮ್ಮೊಳಗ ಮದವಿ. ಅವನ ಅಪ್ಪ ತನ್ನ ತಂಗಿ ಮಗಳನ್ನ ಮಾಡ್ಕೊಂಡಿದ್ದ.’

ಒಳಗೆ ಪಾತ್ರೆ ದಡಲ್ಲೆಂದಿತು. ಮಾಸ್ತರರ ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಬಂದು, ‘ಮದವಿ ಮನ್ಯಾಗ ಇದೇನು ಮಾತು? ಬ್ಯಾರೆ ರಾಜಾ ಸಿಗಲಿಲ್ಲೇನು ನಿಮಗ’ ಅಂದರು. ಮಾಸ್ತರರು ದನಿ ಇಳಿಸಿ ಮುಂದುವರಿಸಿದರು. ಚಾರ್ಲ್ಸ ಇನ್ನೂ ಉಸಿರಾಡುತ್ತಿದ್ದಾಗಲೇ ಫ್ರಾನ್ಸದವರು, ಆಸ್ಟ್ರಿಯಾದವರು ಅವನ ಹಾಸಿಗೆಯ ಸುತ್ತ ತಮ್ಮತಮ್ಮ ಮಂದಿಯನ್ನು ಬಿಟ್ಟು ಕಾಯುತ್ತಿದ್ದರು. ಇವತ್ತು ಹೆಂಗಿದ್ದಾನೆ, ನಾಳೆ ಇರುತ್ತಾನೋ ಇಲ್ಲವೋ ಅಂತ. ಕಡೆಗೆ ಅವನು ಫ್ರಾನ್ಸದ ರಾಜನ ಮೊಮ್ಮಗನಿಗೆ ಗಾದಿ ಬರೆದು ಕಣ್ಣು ಮುಚ್ಚಿದ. ಸ್ಪೇನದಲ್ಲಿ ಚಾರ್ಲ್ಸನ ಹಾಬ್ಸಬರ್ಗ ಮನೆತನ ಅಲ್ಲಿಗೆ ಮುಗಿದು ಫ್ರಾನ್ಸದವರಾದ ಬೋರ್ಬೊನರದು ಸುರುವಾಯಿತು. ಅದರ ಸಲುವಾಗಿ ಯುರೋಪಿನಲ್ಲಿ ವರ್ಷಗಟ್ಟಲೆ ರಕ್ತ ಹರಿಯಿತು.

ಮಕ್ತುಮಸಾಬನಿಗೆ ಕೈ ಓಡದಾಯಿತು. ‘ಕೆಮ್ಮು ಹೆಂಗೈತಿ’ ಅನ್ನುವ ದನಿ ಕಿವಿಯಲ್ಲೇ ಇತ್ತು. ಪಾಪ, ಆ ರಾಜನ ಹಾಸಿಗೆಯನ್ನಾದರೂ ಯಾರಾದರೂ ಸರಿಯಾಗಿ ಹಿಂಜಿದ್ದರೋ ಇಲ್ಲವೋ ಅನ್ನಿಸಿತು. ಅವತ್ತು ಅವನು ಬಿಲ್ಲು ಇಳಿಸಿ ಅಂಗಳ ಸುತ್ತಿದ್ದೇ ಹೆಚ್ಚು.

ಮರುದಿನ ಗುರುವಾರ. ಬಂದವನೇ ತಾನಾಗಿ ಕೇಳಿದ: ‘ಮಾಸ್ತರ, ಆ ಸ್ಪೇನದ ಮಂದ್ಯಾಗ ಬರೀ ಹೆಣ್ಣುಮಕ್ಕಳಿದ್ದಾಂವ ಯಾರರೆ ಇದ್ದರೇನ್ರಿ?’

ಮಾಸ್ತರರ ಮುಖ ಅರಳಿತು. ತರಗತಿಯಲ್ಲಿ ಯಾರೂ ಕೇಳದ ಪ್ರಶ್ನೆ. ‘ಇದ್ದ. ಏಳನೇ ಫರ್ಡಿನಂಡ. ನಾಲ್ಕು ಮದವಿ ಮಾಡ್ಕೊಂಡ. ಮೂರು ಹೆಂಡರಿಂದ ಒಂದೂ ಉಳಿಲಿಲ್ಲ. ನಾಲ್ಕನೇದಾಕಿಗೆ ಎರಡೂ ಹೆಣ್ಣು. ಬೋರ್ಬೊನರೊಳಗ ಹೆಣ್ಣು ಗಾದಿ ಮ್ಯಾಲೆ ಕೂಡೋಹಂಗಿಲ್ಲ ಅಂತ ಕಟ್ಟಳೆ ಇತ್ತು. ರಾಜಾನ ತಮ್ಮ ಕಾರ್ಲೋಸ, ಇನ್ನ ಗಾದಿ ನಂದ ಅಂತ ಮೀಸಿ ತಿರುವಿಕೋತ ಕೂತಿದ್ದ.’

‘ಆಮ್ಯಾಲೆ ಏನಾತ್ರಿ?’ ಬಿಲ್ಲು ಕೈಯಲ್ಲೇ ಇತ್ತು, ಹಿಡಿ ಕೆಳಗೆ ಬಿದ್ದಿತ್ತು.

‘ರಾಜಾ ಕಟ್ಟಳೇನ ತಗದು ಹಾಕಿದ. ನನ್ನ ಗಾದಿ ನನ್ನ ಮಗಳಿಗೆ ಅಂತ ಡಂಗುರ ಹೊಡಿಸಿದ. ಅವ ಸತ್ತ ಮ್ಯಾಲೆ ಇಸಾಬೆಲ್ಲಾ ಅನ್ನೋ ಕೂಸನ್ನ, ಇನ್ನೂ ಮೂರು ವರ್ಷ ತುಂಬಿದ್ದಿಲ್ಲ, ತಂದು ಗಾದಿ ಮ್ಯಾಲೆ ಕೂಡಿಸಿದ್ರು. ಆದ್ರ ಮುಂದ…’

ಮುಂದಿನದನ್ನು ಕೇಳುವ ಜೀವವೆ ಅದು? ಮಕ್ತುಮಸಾಬ ಆಗಲೇ ಬಿಲ್ಲನ್ನು ಹೆಗಲಿಗೇರಿಸಿದ್ದ. ಹೊಲಿಯುವುದು ಅರ್ಧ ಆಗಿತ್ತು, ದಬ್ಬಣ ಗಾದಿಯಲ್ಲೇ ಚುಚ್ಚಿಕೊಂಡಿತ್ತು. ‘ಏ, ಎಲ್ಲಿ ಹೊಂಟಿ? ಕತಿ ಇನ್ನೂ ಮುಗದಿಲ್ಲೋ ಮಾರಾಯಾ’ ಎಂದು ಮಾಸ್ತರರು ಕೂಗಿದರೆ, ‘ಸಾಕ್ರೀ, ನನಗ ಬೇಕಾದ್ದು ಸಿಕ್ತು’ ಅಂದವನೇ ಬಾಗಿಲು ದಾಟಿದ. ಅರ್ಧ ಕತೆ ಕಟ್ಟಿಕೊಂಡು ಓಡುವವರಿಂದಲೇ ಲೋಕದಲ್ಲಿ ಅರ್ಧ ರಾದ್ಧಾಂತ ಆಗುವುದು. ಇರಲಿ.

ಶುಕ್ರವಾರ ಪಡಸಾಲೆಯಲ್ಲಿ ಗಾದಿ ಹಾಸಿ ಹಿರಿಯರು ಕೂತರು. ನಡುವೆ ಶರೀಫಸಾಬ, ಬೆಳ್ಳನೆಯ ಗಡ್ಡ, ಮಂದಗಿವಿ. ಮೈಮುನಾ ತಾಯಿಯ ಜೊತೆ ಒಳಬಾಗಿಲಿನ ಪರದೆಯ ಹಿಂದೆ ನಿಂತಿದ್ದಳು. ಶಾಬುದ್ದೀನ ಎದ್ದು ನಿಂತು ತಗ್ಗಿದ ದನಿಯಲ್ಲೇ ಮಾತಾಡಿದ. ‘ಬಿಲ್ಲು ನಮ್ಮಪ್ಪಂದು. ನಾ ಕೂಸಿದ್ದೆ ಅಂತ ಕಾಕಾನ ಕೈಗೆ ಬಂತು. ಕಾಕಾನ ಕೈಲೆ ಆಗೂತನಾ ನಾ ಏನರೆ ಬಾಯಿ ಬಿಟ್ಟೇನಿ? ಈಗ ಅವರಿಗೆ ಆಗವಲ್ದು. ಗಿರಣ್ಯಾಗ ಹೊರಿ ಹೊತ್ತು ನನ್ನ ಬೆನ್ನು ಮುರದೈತಿ. ನನ್ನ ಹಕ್ಕು ನನಗ ಕೊಡಸ್ರಿ.’

ನ್ಯಾಯವಾದ ಮಾತು. ಕೂತವರೆಲ್ಲ ಹೌದೆಂದು ಗಡ್ಡ ನೀವಿಕೊಂಡರು. ಆಗ ಮಕ್ತುಮಸಾಬ, ಕೂಡಲಾರದೆ ಕಂಬಕ್ಕೂ ಬಾಗಿಲಿಗೂ ತಿರುಗುತ್ತಿದ್ದವನು, ನಡುವೆ ಬಂದು ನಿಂತ.

‘ಬಿಲ್ಲು ಮೈಮುನಾಗ. ಆಕಿ ಕೈ ನೀವೆಲ್ಲಾ ಬಲ್ಲಿರಿ. ನಿಮ್ಮ ಕೆಳಗಿನ ಗಾದೀನೂ ಆಕೀದ.’

‘ಹೆಣ್ಣುಮಗಳಿಗೆ ಬಿಲ್ಲು ಎಲ್ಲಾರೆ ಕೊಟ್ಟಾರೇನಪಾ?’ ಶರೀಫಸಾಬ ಕೇಳಿದ.

‘ಕೊಟ್ಟಾರ. ಸ್ಪೇನದಾಗ ಕೊಟ್ಟಾರ. ಮಗಳಿಗೆ ಕೊಡಾಕಂತ ಕಟ್ಟಳೀನ ತಗದು ಹಾಕ್ಯಾರ.’

‘ಸ್ಪೇನಸಾಬ?’ ಶರೀಫಸಾಬ ಕಿವಿಗೆ ಕೈ ಹಚ್ಚಿದ. ‘ಯಾವ ಊರ ಪಿಂಜಾರ ಅಂವಾ? ಗದಗಿನ ಕಡೆಯವನೇನು?’

‘ಪಿಂಜಾರ ಅಲ್ಲರಿ, ಬಾದಶಹಾ. ಅವ್ನ ತಮ್ಮ ಗಾದಿ ನಂದು ಅಂದ್ರೂ ಬಿಡಲಿಲ್ಲ, ಮೂರು ವರ್ಷದ ಹೆಣ್ಣುಕೂಸನ್ನ ಕುಂಡ್ರಿಸಿದ.’

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಗದಗಿನವರೆಗಿನ ಪಿಂಜಾರರೆಲ್ಲ ಅವರಿಗೆ ಗೊತ್ತು. ಈ ಬಾದಶಹಾನ ಜಮಾತು ಮಾತ್ರ ಯಾವುದೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಹೊರಗೆ ಛತ್ರಿ ಮಡಚಿದ ಸದ್ದಾಯಿತು. ಬಿಂದುಮಾಧವ ಮಾಸ್ತರರು. ಬಿಸಿಲಿಗೆ ಮುಖ ಕೆಂಪಾಗಿತ್ತು, ಸಿಟ್ಟಿಗೆ ಇನ್ನಷ್ಟು.

‘ಏನಪಾ ಮಕ್ತುಮಸಾಬ, ಸೋಮವಾರ ಬೀಗರು ಬರ್ತಾರ. ಅವರೆಲ್ಲಾ ಫರಸಿ ಮ್ಯಾಲೆ ಮಲಗಬೇಕೇನು? ಅರ್ಧ ಗಾದಿ ಹೊಲದು ದಬ್ಬಣಾ ಅಲ್ಲೇ ಬಿಟ್ಟು ಬಂದೀದಿ, ನಮ್ಮ ಮನ್ಯಾಕಿ ಅದರ ಮ್ಯಾಲೇ ಕೂಡೋದು ಸ್ವಲ್ಪದಾಗ ತಪ್ಪಿತು.’

ಮಂದಿ ನಗುವ ಹೊತ್ತಲ್ಲ ಅದು, ಆದರೂ ಒಬ್ಬಿಬ್ಬರು ನಗು ತಡೆಯಲು ಕೆಮ್ಮಿದರು. ಶಾಬುದ್ದೀನ ಜಾಣ, ಸ್ಪೇನದ ಬಾದಶಹಾ ಯಾರ ಮನೆಯಿಂದ ಬಂದನೆಂದು ಅವನಿಗೆ ಹೊಳೆಯಿತು. ‘ಛಲೋ ಆತು. ಮಾಸ್ತರನ್ನ ಕೇಳೂಣು. ಕಾಕಾಗ ಕತಿ ಹೇಳಿದಾವ್ರು ಇವ್ರ’ ಅಂದ. ಶರೀಫಸಾಬ ಮಾಸ್ತರರಿಗೆ ಜಾಗ ಕೊಟ್ಟು, ‘ಖರೇ ಏನ್ರಿ? ಆ ಬಾದಶಹಾ ಮಗಳಿಗೆ ಗಾದಿ ಕೊಟ್ಟಿದ್ದು?’ ಎಂದು ಕೇಳಿದ.

ಮಾಸ್ತರರಿಗೆ ಈಗ ಪರಿಸ್ಥಿತಿ ಅರ್ಥವಾಯಿತು. ಗೋಡೆಯ ಬಿಲ್ಲು ನೋಡಿದರು, ಪರದೆ ನೋಡಿದರು, ಮಕ್ತುಮಸಾಬನನ್ನು ನೋಡಿದರು. ಅವನ ಕಣ್ಣು ಬೇಡಿಕೊಳ್ಳುತ್ತಿತ್ತು.

‘ಖರೇ’ ಅಂದರು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆ ಮನುಷ್ಯ ಬದುಕಿನಲ್ಲಿ ಒಂದು ಪಾಠವನ್ನೂ ಅರ್ಧಕ್ಕೆ ನಿಲ್ಲಿಸಿದವರಲ್ಲ.

‘ಮುಂದ ಏನಾತ್ರಿ?’ ಶಾಬುದ್ದೀನ ಕೇಳಿದ.

ಮಾಸ್ತರರು ಛತ್ರಿಯ ಹಿಡಿಕೆ ತಿಕ್ಕುತ್ತ ಹೇಳಿದರು. ಕಾಕಾ ಕಾರ್ಲೋಸ ಸುಮ್ಮನಿರಲಿಲ್ಲ, ದಂಡು ಕಟ್ಟಿಕೊಂಡು ವರ್ಷಗಟ್ಟಲೆ ಕಾದಿದ. ಹಳ್ಳಿ ಹಳ್ಳಿಯಲ್ಲಿ ಅಣ್ಣತಮ್ಮಂದಿರು ಎರಡು ಪಕ್ಷವಾಗಿ ಸತ್ತರು. ಗೆದ್ದದ್ದು ರಾಣಿಯ ಕಡೆಯವರೇ. ಆದರೆ ದೊಡ್ಡವಳಾದ ಮೇಲೆ ರಾಣಿಯ ಆಳಿಕೆ ಮಂದಿಗೆ ಸೇರಲಿಲ್ಲ. ಸೈನ್ಯ ತಿರುಗಿ ಬಿತ್ತು. ಅವಳು ಫ್ರಾನ್ಸಕ್ಕೆ ಓಡಿಹೋಗಬೇಕಾಯಿತು. ಮುಂದೆ ಅವಳ ಮಗ ಮರಳಿ ಬಂದು ಕೂತ. ಈಗ ಹೋದ ವಾರ ಗಾದಿ ಬಿಟ್ಟು ಹೋದವನು ಆ ಮಗನ ಮಗ.

‘ಅಂದ್ರ ಆಕೀನ ಹೊರಗ ಹಾಕಿದ್ರು’ ಎಂದ ಶಾಬುದ್ದೀನ. ಗೆದ್ದ ಹಿಗ್ಗು ಅವನ ದನಿಯಲ್ಲಿರಲಿಲ್ಲ. ಕಾಕಾನ ಮುಖ ನೋಡಿ ಅವನಿಗೇ ಕಸಿವಿಸಿಯಾಗಿತ್ತು.

ಮಕ್ತುಮಸಾಬ ಕಂಬ ಹಿಡಿದುಕೊಂಡ. ಕೆಮ್ಮು ಬಂತು, ನಿಲ್ಲಲೊಲ್ಲದು. ರಾತ್ರಿಯೆಲ್ಲ ಎದೆಯಲ್ಲಿಟ್ಟುಕೊಂಡು ಬಂದಿದ್ದ ಬಾದಶಹಾ ಕೈಕೊಟ್ಟಿದ್ದ. ನಿನ್ನೆ ಇನ್ನೊಂದು ಗಳಿಗೆ ಕೂತು ಕೇಳಿದ್ದರೆ ಈ ಅವಮಾನ ತಪ್ಪುತ್ತಿತ್ತು. ಬದುಕಿನುದ್ದಕ್ಕೂ ಎಲ್ಲಿಯೂ ಕೂರದೆ ಎದ್ದು ಬಂದದ್ದಕ್ಕೆ ಈಗ ಮಗಳು ದಂಡ ತೆರಬೇಕಾಯಿತಲ್ಲ ಎಂದು ಅವನಿಗೆ ಅಳು ಬಂತು. ಹಿರಿಯರ ಎದುರಿಗೇ ಕಣ್ಣೊರೆಸಿಕೊಂಡ.

ಆಗ ಪರದೆಯ ಹಿಂದಿನಿಂದ ದನಿ ಬಂತು.

‘ಮಾಸ್ತರ, ಒಂದು ಮಾತು ಕೇಳ್ಲೇನ್ರಿ?’

‘ಕೇಳವಾ.’

‘ಹೊರಗ ಹಾಕೂಕಿಂತ ಮೊದಲ ಆಕಿ ಎಷ್ಟು ವರ್ಷ ಕುಂತಿದ್ಲರಿ ಗಾದಿ ಮ್ಯಾಲೆ?’

ಮಾಸ್ತರರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ‘ಮೂವತ್ತೈದು ವರ್ಷ.’



‘ನನಗ ಅಷ್ಟ ಸಾಕ್ರಿ’ ಅಂದಳು ಮೈಮುನಾ. ‘ಆಮ್ಯಾಲೆ ಹೊರಗ ಹಾಕಿದ್ರೂ ನಡೀತೈತಿ. ಅಷ್ಟೊತ್ತಿಗೆ ನನಗೂ ಕೆಮ್ಮು ಹತ್ತಿರತೈತಿ. ಬಿಲ್ಲು ಶಾಬುದ್ದೀನಣ್ಣನ ಮೊಮ್ಮಗಗ ನಾನ ಕೊಡತೇನಿ, ಹೊಡಿಯೂದು ಕಲಿಸಿ ಕೊಡತೇನಿ.’

ಮೊದಲು ನಕ್ಕವನು ಶರೀಫಸಾಬ. ಮಂದಗಿವಿಯವನಾದರೂ ಈ ಮಾತು ಪೂರಾ ಕೇಳಿಸಿತ್ತು. ಗಡ್ಡ ಅಲ್ಲಾಡುವ ಹಾಗೆ ನಕ್ಕ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಶಾಬುದ್ದೀನ ನಗಬಾರದೆಂದು ತುಟಿ ಕಚ್ಚಿದ, ಆಗಲಿಲ್ಲ.

‘ಮೂವತ್ತೈದು ವರ್ಷ ಆದ ಮ್ಯಾಲೆ ನ್ಯಾಯಾ ಹೇಳಾಕ ನಾ ಇರೂದಿಲ್ಲ’ ಅಂದ ಶರೀಫಸಾಬ. ‘ಅದಕ ಇವತ್ತ ಹೇಳಿಬಿಡತೇನಿ. ಬಿಲ್ಲು ಆಕಿ ಹತ್ರ ಇರ್ಲಿ, ಹಿಂಜೂದು ಮನ್ಯಾಗ. ಓಣಿ ತಿರುಗಿ ಹಳೇ ಗಾದಿ ಹೊತ್ತು ತರೂದು, ಹೊಲದದ್ದು ಒಯ್ದು ಹಾಕೂದು ಶಾಬುದ್ದೀನ ಮಾಡ್ಲಿ. ಬಂದದ್ದರಾಗ ಇಬ್ರದೂ ಪಾಲು. ಏನಪಾ?’

ಶಾಬುದ್ದೀನ ಹೆಗಲು ಸವರಿಕೊಂಡ. ‘ಗಿರಣಿ ಹೊರಿಗಿಂತ ಗಾದಿ ಹಗರ ಬಿಡ್ರಿ’ ಎಂದ. ಮನಸ್ಸು ಪೂರಾ ಒಪ್ಪಿತ್ತೆಂದು ಹೇಳಲಾಗದು. ಆದರೆ ಅವನೇ ಹೋಗಿ ಗೋಡೆಯಿಂದ ಬಿಲ್ಲು ಇಳಿಸಿದ, ಒಂದು ಸಲ ನರ ಮಿಡಿದು ನೋಡಿದ, ಪರದೆಯ ಸಂದಿಯಿಂದ ಒಳಗೆ ಕೊಟ್ಟ.

ಮಾಸ್ತರರ ಮನೆಯ ಅರಳೆಯೆಲ್ಲ ಅವತ್ತೇ ಗಣೇಶಪೇಟೆಗೆ ಬಂತು. ಮುಂದಿನ ಎರಡು ದಿನ ಮೈಮುನಾ ಹಿತ್ತಲಲ್ಲಲ್ಲ, ಪಡಸಾಲೆಯಲ್ಲೇ ಬಾಗಿಲು ತೆರೆದು ಬಿಲ್ಲು ಹೊಡೆದಳು. ಶಾಬುದ್ದೀನ ಗಾದಿ ಹೊತ್ತು ಬೊಮ್ಮಾಪುರ ಓಣಿಗೆ ಓಡಾಡಿದ. ಭಾನುವಾರ ಸಂಜೆ ಕಡೆಯ ಗಾದಿ ಮುಗಿಯಿತು. ಮಕ್ತುಮಸಾಬ ಅದರ ಸುತ್ತ ತಿರುಗಿದ, ಬಗ್ಗಿ ಒತ್ತಿದ, ಹೊಲಿಗೆ ಎಳೆದು ನೋಡಿದ, ತಪ್ಪು ಸಿಗದೆ ಚಡಪಡಿಸಿದ.

‘ಅಪ್ಪಾ, ಕೈಲೆ ಏನ್ ನೋಡ್ತಿ? ಕುಂತು ನೋಡು.’

ಅವನು ಕೂತ. ಕೂತಲ್ಲೇ ಅತ್ತ ಇತ್ತ ಸರಿದ. ‘ಈ ಮೂಲ್ಯಾಗ ಅರಳಿ ಕಡಿಮಿ ಬಿದ್ದೈತಿ ನೋಡವಾ.’

ಮೈಮುನಾ ಒಂದು ಹಿಡಿ ಅರಳೆ ತಗೊಂಡು ದಬ್ಬಣ ಹಿಡಿದು ಬಂದಳು. ‘ಏಳು ಹಂಗಾರ, ಈಗ ತುಂಬಿಬಿಡತೇನಿ.’

ಮಕ್ತುಮಸಾಬ ಕಾಲು ಮಡಚಿಕೊಂಡ. ಒಳಗಿನಿಂದ ಶಹಜಹಾನಬೇಗಂ ಚಹಾದ ಬಸಿ ಹಿಡಿದು ಬಂದವಳು ಬಾಗಿಲಲ್ಲೇ ನಿಂತು ನೋಡಿದಳು.

‘ಇರ್ಲಿ ಬಿಡು’ ಎಂದ ಅವನು, ಚಹಾಕ್ಕೆ ಕೈಚಾಚುತ್ತ. ‘ಈಗ ಕುಂತೇನಿ. ನಾಳೆ ತುಂಬೀಯಂತ.’